ತುರ್ತು ನೀರಿನ ಕೊಳವೆಯಲ್ಲಿ ಕರಟದ ಬಿಲ್ಲೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಪ್ರೊಫೆಸರ್ ಗಿರಿಜಾಂಬಿಕಾ ಠಾಣೆಗೆ ಬಂದು, ತಮ್ಮ ಪ್ರಯೋಗದಲ್ಲಿ ಯಾರೋ ಕೈಯಾಡಿಸಿದ್ದಾರೆಂದು ದೂರು ಕೊಟ್ಟರು. ಬಿಳಿಗೆರೆ ರಸ್ತೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರದೊಂದು ಪ್ರಯೋಗಶಾಲೆ. ಅಣು ಸ್ಥಾವರದಲ್ಲಿ ಅಪಘಾತವಾದರೆ ತುರ್ತು ನೀರು ಎಷ್ಟು ಬೇಗ ಹರಿದು ಒಳಗಿನ ಕಾವು ತಣಿಸುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು, ಆಮೇಲೆ ಕರೆಂಟಿನಲ್ಲಿ ಕಾಯಿಸಿದ ಸರಳುಗಳ ಮೇಲೆ ನೀರು ಬಿಟ್ಟು ನೋಡುವುದು ಅಲ್ಲಿನ ಕೆಲಸ. ಶನಿವಾರ ಮೊದಲ ಪ್ರಯೋಗ. ನಲವತ್ತು ಸೆಕೆಂಡಿಗೆ ತಣಿಯಬೇಕಿದ್ದ ಸರಳು ಎರಡು ನಿಮಿಷವಾದರೂ ತಣಿಯದೆ ಸೀಳಿತು. ಹಬೆ ಬಡಿದು ಅಟೆಂಡರ್ ಹುಚ್ಚರಂಗಯ್ಯನ ಬಲಗೈ ಬೆಂದಿತು.

ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಇನ್‌ಸ್ಪೆಕ್ಟರ್ ತೋಂಟದಾರ್ಯ, ಮಹಿಳಾ ಪೇದೆ ಅನಿತಾ ಪಂಚರ ಮುಂದೆ ನೀರಿನ ಕೊಳವೆ ಬಿಚ್ಚಿಸಿದರು. ಒಳಗೊಂದು ಕರಟದ ಬಿಲ್ಲೆ, ನಡುವೆ ತೂತು. ಪಂಚನಾಮೆಗೆ ಸೇರಿತು.

ಪ್ರಯೋಗಶಾಲೆಯ ಕೀಲಿ, ಕೈಗೆ ಪಟ್ಟಿ ಸುತ್ತಿಕೊಂಡು ಅಲ್ಲೇ ನಿಂತಿದ್ದ ಹುಚ್ಚರಂಗಯ್ಯನ ಸುಪರ್ದಿನಲ್ಲಿತ್ತು.

“ತೋಟ ಐತೇನಯ್ಯ?” ತೋಂಟದಾರ್ಯ ಕೇಳಿದರು.

“ಐತೆ ಸಾ. ಮೂವತ್ತು ಮರ.”

“ಹಂಗಾದ್ರೆ ಕರಟಕ್ಕೇನು ಬರ ಇಲ್ಲ.”

“ನನ್ ಕೈ ನಾನೇ ಬೇಯಿಸ್ಕೊಳ್ಳಾಕೆ ನಂಗೇನ್ ತಿಕ್ಲಾ ಸಾ?”

“ಅಂದಾಜು ತಪ್ಪಿರ್ತದೆ. ಜೀಪ್ ಹತ್ತು.”

ಅನಿತಾ ಬಿಲ್ಲೆಯನ್ನೇ ನೋಡುತ್ತಿದ್ದಳು. ಅವಳ ಊರು ದಂಡಿನಶಿವರದಲ್ಲಿ, ಪಾಲಾದ ಅಣ್ಣತಮ್ಮಂದಿರಿಗೆ ಒಂದೇ ಬೋರಿದ್ದರೆ ಹತ್ತಿರದ ತೋಟದ ಪೈಪಿಗೆ ಇಂಥದೇ ಬಿಲ್ಲೆ ಕೂರಿಸುತ್ತಿದ್ದರು. ಹತ್ತಿರದವನಿಗೆ ಹರಿವು ಕಡಿಮೆಯಾಗಿ ದೂರದವನಿಗೂ ನೀರು ಸಿಗಲಿ ಎಂದು. ಕರಟದ ಉಬ್ಬಿದ ಬದಿ ನೀರು ಬರುವ ಕಡೆಗಿರಬೇಕು. ಇಲ್ಲೂ ಹಾಗೇ ಇತ್ತು.

“ರಂಗಯ್ಯಣ್ಣ, ನಿಮ್ ಬೋರು ಯಾರ್ಯಾರಿಗೆ?”

“ಬೋರೆಲ್ಲೈತವ್ವ. ಕೆರೆ ಹಿಂದ್ಗಡೆ ತೋಟ, ನೆಲದ ಶೀತನೇ ಸಾಕು.”

ಗೋಡೆಗೊರಗಿ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ಕೃತಿಕಾಳ ಕಡೆ ಅನಿತಾ ತಿರುಗಿದಳು.

“ನಿಮ್ದು?”

“ನಮಗೂ ದೊಡ್ಡಪ್ಪನಿಗೂ ಒಂದೇ,” ಎಂದಳು.

ಬಿಲ್ಲೆಯ ತೂತು ಚಾಕುವಿನದಲ್ಲ, ಡ್ರಿಲ್ಲಿನದು. ವರ್ಕ್‌ಶಾಪಿನ ಪುಸ್ತಕ ತರಿಸಿದರು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಡ್ರಿಲ್ ಪಡೆದಿದ್ದವಳು ಕೃತಿಕಾ. ಅವತ್ತೇ ಕೀಲಿಯನ್ನೂ ಇಸಿದುಕೊಂಡಿದ್ದಳೆಂದು ಹುಚ್ಚರಂಗಯ್ಯ ಈಗ ಬಾಯಿಬಿಟ್ಟ.

“ಮೊದ್ಲೇ ಯಾಕೆ ಬೊಗಳ್ಲಿಲ್ಲ?”

“ಓದೋ ಹೆಣ್ಮಗು ಸಾ. ಸುಮ್ಕೆ ಯಾಕೆ ಅಂತ.”

ಸಂಜೆ ನಾಲ್ಕೂ ನಲವತ್ತಕ್ಕೆ ಕೃತಿಕಾಳ ದಸ್ತಗಿರಿಯಾಯಿತು. ಹೇಳಿಕೆಯನ್ನು ಅನಿತಾ ಬರೆದುಕೊಂಡಳು.

“ಹಬೆ ನೀರನ್ನ ಎದುರಿಂದ ತಳ್ಳುತ್ತೆ, ತಣಿಯೋದು ತಡ ಆಗುತ್ತೆ ಅಂತ ಆರು ತಿಂಗಳಿಂದ ಹೇಳ್ತಿದ್ದೆ ಮೇಡಂ. ನನ್ನ ಲೆಕ್ಕದಲ್ಲಿ ಐವತ್ತೆಂಟು ಸೆಕೆಂಡು. ಪ್ರೊಫೆಸರ್ ನಗ್ತಿದ್ರು. ನಲವತ್ತು ಅಂತಲೇ ಬುಧವಾರ ವರದಿ ಹೋಗ್ತಿತ್ತು. ಒಂದ್ಸಲ ತಡ ಆದ್ರೆ ನನ್ನ ಲೆಕ್ಕನ ಮತ್ತೆ ನೋಡ್ತಾರೆ ಅಂದ್ಕೊಂಡೆ. ರಂಗಯ್ಯ ಅಷ್ಟು ಹತ್ರ ನಿಲ್ತಾರೆ ಅಂತ ಗೊತ್ತಿರ್ಲಿಲ್ಲ.”

“ನಿಮ್ ಲೆಕ್ಕ ಸರಿ ಇದ್ರೆ ಪ್ರಯೋಗನೇ ಹೇಳ್ತಿತ್ತಲ್ಲ. ಬಿಲ್ಲೆ ಯಾಕೆ?”

“ನನ್ನ ಲೆಕ್ಕನೇ ತಪ್ಪಾಗಿದ್ರೆ?” ಎಂದಳು ಕೃತಿಕಾ.

ಹನ್ನೆರಡು ದಿನದ ಮೇಲೆ, ಹೊಸ ಸರಳು ಜೋಡಿಸಿ, ತಜ್ಞರ ಎದುರು ಬಿಲ್ಲೆಯಿಲ್ಲದೆ ಪ್ರಯೋಗ ನಡೆಯಿತು. ತಣಿಯಲು ಐವತ್ತೇಳು ಸೆಕೆಂಡು ಹಿಡಿಯಿತು. ಕೈ ಮಡಚಲಾಗದ ಹುಚ್ಚರಂಗಯ್ಯ ಬಾಗಿಲಾಚೆ ನಿಂತೇ ನೋಡಿದ. ಐವತ್ತೇಳು ಸೆಕೆಂಡು, ಮಡಚಲಾಗದ ಕೈ, ಎರಡನ್ನೂ ಅನಿತಾ ಕೇಸ್ ಡೈರಿಯಲ್ಲಿ ಬರೆದು ಇನ್‌ಸ್ಪೆಕ್ಟರರ ಸಹಿಗಿಟ್ಟಳು.