ಗೇಣುದ್ದದ ಎಳೆ

"ಅಯ್ಯೋ... ಹಿಡೀರಿ ಯಾರಾರ! ನಾಯಿ... ನಾಯಿ!"

ಹಮ್ಮಿಗಿಯ ಹೊಳೆದಂಡೆಯ ಸಸ್ಯವನ. ನಾಯಿಗಳನ್ನು ಬಿಚ್ಚಿ ಬಿಡುವ ಮರಳಿನ ಮೇಲೆ ಎರಡನೆಯ ಹೆಜ್ಜೆ ಇಡುವಷ್ಟರಲ್ಲೇ ವಿದ್ಯಾಶ್ರೀ ಅಂಗಾತ ಬಿದ್ದಿದ್ದಳು. ನೀರಿನಿಂದ ನೆಗೆದು ಬಂದ ಕಂದು ನಾಯಿಯೊಂದು ಅವಳ ಮುಖವನ್ನೆಲ್ಲ ನೆಕ್ಕುತ್ತಿತ್ತು.

"ಹೆದರಬ್ಯಾಡ್ರಿ ಅಕ್ಕಾರ, ಅದು ಏನೂ ಮಾಡಂಗಿಲ್ಲ! ಲಾಳೀ, ಇಳಿ ಕೆಳಗ!"

ಓಡಿ ಬಂದವನು ಅರ್ಧ ದಾರಿಯಲ್ಲೇ ನಿಂತುಬಿಟ್ಟ.

ಕಳಕೇಶ! ಎರಡು ವರ್ಷದ ಮೇಲೆ...

"ನಾ ನಿನಗ ಅಕ್ಕಾರ ಆದ್ನೇನು?" ಎಂದಳು ಸೀರೆಯ ಮರಳು ಕೊಡವುತ್ತ. ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟಿಗೂ ತ್ರಾಣ ಬೇಕಲ್ಲ!

"ಗುರುತ ಸಿಗಲಿಲ್ಲ ವಿದ್ಯಾ... ಭಾಳ ಸೊರಗೀದಿ. ಲಾಳಿಗೆ ಮಾತ್ರ ಸಿಕ್ಕೈತಿ ನೋಡು."

ವಿದ್ಯಾಶ್ರೀಯದು ಬೆಟಗೇರಿಯ ನೇಕಾರರ ಮನೆ. ಹಮ್ಮಿಗಿಯ ರೈತರ ಮಗ ಕಳಕೇಶ ಓದಲು ಬಂದವನು ಅವರ ಓಣಿಯಲ್ಲೇ ಬಾಡಿಗೆ ಕೋಣೆ ಹಿಡಿದಿದ್ದ. ಬೀದಿಯಲ್ಲಿ ಸಿಕ್ಕ ಮರಿಯೊಂದಕ್ಕೆ ಇಬ್ಬರೂ ಸೇರಿ ಹಾಲು ಹಾಕಿದರು. ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತದೆಂದು ಅವಳೇ ಹೆಸರಿಟ್ಟಳು. ಮರಿಯ ನೆಪದಲ್ಲಿ ಬೆಳೆದದ್ದು ಏನೆಂದು ಓಣಿಗೆಲ್ಲ ಗೊತ್ತಿತ್ತು. ಇವರಿಬ್ಬರೇ ಬಾಯಿ ಬಿಟ್ಟು ಹೇಳಿಕೊಂಡಿರಲಿಲ್ಲ!

ಅಷ್ಟರಲ್ಲಿ ಅವಳ ತಾಯಿ ಚಂದ್ರವ್ವನಿಗೆ ಲಕ್ವಾ ಹೊಡೆಯಿತು. ಅವನಿಗೆ ಇಲ್ಲಿ ವನಪಾಲಕನ ಕೆಲಸ ಸಿಕ್ಕಿತು. ಹೊರಡುವ ದಿನ ವಿದ್ಯಾ ಲಾಳಿಯನ್ನು ಅವನ ಕೈಗಿಟ್ಟಳು, ಕೊರಳಿಗೆ ತಾನೇ ನೇಯ್ದ ಪಟ್ಟಿಯನ್ನೂ ಕಟ್ಟಿದಳು. ಪಟ್ಟಿಯ ತುದಿಯಲ್ಲಿ ಒಂದು ಗೇಣು ಎಳೆಗಳನ್ನು ನೇಯದೆ ಹಾಗೇ ಬಿಟ್ಟಿದ್ದಳು.

ನೇಕಾರರು ಸೀರೆ ಇಳಿಸಿದ ಮೇಲೂ ಮಗ್ಗದಲ್ಲಿ ಗೇಣುದ್ದ ಎಳೆ ಉಳಿಸುತ್ತಾರೆ. ಮುಂದಿನ ಸೀರೆಯ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಎಳೆಗೆ ಎಳೆ ಹೊಸೆದು ಅದಕ್ಕೇ ಕೂಡಿಸಬೇಕು. ಪೂರ್ತಿ ಕತ್ತರಿಸಿದರೆ ಆ ಮಗ್ಗ ನಿಂತಿತೆಂದೇ ಲೆಕ್ಕ. 'ಇದು ಇಲ್ಲಿಗೆ ಮುಗಿದಿಲ್ಲ, ಕಾಯ್ತಿರು' ಎಂದು ಹೇಳಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಎದುರಿಗಿದ್ದವನು ಜೋಳ ಬಿತ್ತುವವರ ಮಗ ಎಂಬುದು ಪಾಪ, ತಲೆಗೆ ಹೊಳೆಯಲೇ ಇಲ್ಲ!

ತಿಂಗಳ ಮೇಲೆ ಅವನು ಲಾಳಿಯ ಫೋಟೋ ಕಳಿಸಿದ. ಪಟ್ಟಿಯ ತುದಿಯಲ್ಲಿ ಒಂದೂ ಎಳೆ ಇರಲಿಲ್ಲ. ಅಂಚು ಬೋಳು!

ಅವತ್ತಿನಿಂದ ಅವಳು ಅವನ ಫೋನ್ ಎತ್ತಲಿಲ್ಲ. ಮಗ್ಗ, ಅವ್ವ, ಒಲೆ. ಎರಡು ವರ್ಷ ಹೀಗೇ ಸವೆದವು. ಈಗ ಅವ್ವ ಕೋಲು ಹಿಡಿದು ನಡೆಯುತ್ತಾಳೆ. ಲಕ್ಷ್ಮೇಶ್ವರದಿಂದ ಸಂಬಂಧ ಬಂದಿದೆ, ಸಂಜೆಯೊಳಗೆ ಉತ್ತರ ಹೇಳಬೇಕು. ಹೂಂ ಎಂದುಬಿಡೋಣ ಎಂದುಕೊಂಡಿದ್ದಳು. ಹುಡುಗ ಮನಸ್ಸಿಗೆ ಬಂದನೆಂದಲ್ಲ, ಇನ್ನು ಯಾರೂ ತನ್ನನ್ನು ಏನೂ ಕೇಳದಿದ್ದರೆ ಸಾಕಾಗಿತ್ತು.

'ನಾಯಿ ನೋಡಿ ಬರ್ತೀನಿ, ಅಷ್ಟೇ...' ಎಂದು ಅವ್ವನಿಗೂ ಹೇಳಿ, ತನಗೂ ಹೇಳಿಕೊಂಡು ಮುಂಡರಗಿ ಬಸ್ಸು ಹತ್ತಿದ್ದಳು.

ಮರಳಿನಂಚಿನ ಬೇವಿನ ಮರಕ್ಕೆ ಮೊಳೆಗಳನ್ನು ಹೊಡೆದಿದ್ದರು. ಬಂದವರು ನಾಯಿ ಬಿಚ್ಚಿ ಪಟ್ಟಿಗಳನ್ನು ಅಲ್ಲಿ ತೂಗುಹಾಕುತ್ತಾರೆ. ಅವುಗಳ ನಡುವೆ ತನ್ನ ಕೈಯ ಹಸಿರು ಪಟ್ಟಿ ಕಂಡದ್ದೇ ತಡ, ಅವಳು ನೇರ ಮರದ ಹತ್ತಿರ ಹೋದಳು.

"ಇದನ್ನ ಇನ್ನೂ ಯಾಕ ಇಟ್ಕೊಂಡಿ?"

"ಮತ್ತ? ನೀ ನೇಯ್ದದ್ದಲ್ಲೇನು?"

"ಎಳಿ ಕತ್ತರಿಸಿ ಫೋಟೋ ಕಳಿಸಿದವ್ಗ ನಾ ನೇಯ್ದದ್ದು ಯಾಕ ಬೇಕು?"

ಕಳಕೇಶ ಕಣ್ಣು ಪಿಳಿಪಿಳಿ ಬಿಟ್ಟ. "ಏನ್ ಕತ್ತರಿಸೀನಿ?"

ವಿದ್ಯಾ ಮರದ ಬುಡದಲ್ಲೇ ಕುಸಿದು ಕುಳಿತಳು. ಎರಡು ವರ್ಷದ ಮಾತು ಅಳುವಿನ ಜೊತೆಗೇ ಹೊರಬಿತ್ತು. ಗೇಣುದ್ದದ ಎಳೆ, ಬೂದಿ, ಮುಂದಿನ ಹಾಸು... ಎಲ್ಲ! ಅವನು ಪಟ್ಟಿಯನ್ನು ಮೊಳೆಯಿಂದ ಇಳಿಸಿದ.

"ವಿದ್ಯಾ... ನಿನ್ನ ಪಿನ್ನ ಕೊಡು."

ಸೆರಗಿನ ಪಿನ್ನು ಇಸಿದುಕೊಂಡು ಅವನು ಪಟ್ಟಿಯ ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಎಬ್ಬಿಸಿದ. ದಬ್ಬಣದಿಂದ ಚೀಲ ಹೊಲಿದಂಥ ಒರಟು ಹೊಲಿಗೆ. ನಾಲ್ಕನೆಯದು ಬಿಚ್ಚುತ್ತಲೇ ಒಳಗಿಂದ ಎಳೆಗಳು ಹೊರಬಂದವು. ಮಡಿಕೆ ಬಿದ್ದಿದ್ದವು, ಮಣ್ಣಾಗಿದ್ದವು. ಆದರೆ ಗೇಣುದ್ದವೂ ಹಾಗೇ ಇದ್ದವು!

"ಲಾಳಿ ಆ ಎಳಿ ಕಡಿತಿತ್ತು. ನೀ ಅವಸರದಾಗ ಪೂರ್ತಿ ಮಾಡಿಲ್ಲ ಅನ್ಕೊಂಡು ಒಳಗ ಮಡಚಿ ಹೊಲದೆ. ಚಂದ ಮಾಡೀನಿ ಅಂತ ಫೋಟೋ ಕಳಿಸಿದ್ದೆ. ನಿನ್ನ ಕೈಯಾಗಿನ ಎಳಿ ಕತ್ತರಿಸಾಕ ನನಗ ಮನಸ ಬಂದೀತೇನು?"

ವಿದ್ಯಾ ಎಳೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಎರಡು ವರ್ಷ... ಒಂದು ಹೊಲಿಗೆಯ ಹಿಂದೆ!

"ಬಾಯಿಲೆ ಒಂದ ಮಾತ ಹೇಳಿದ್ರ ಆಗ್ತಿರಲಿಲ್ಲೇನು?" ಎಂದ ಅವನು ಮೆಲ್ಲಗೆ.

"ನೀನರ ಬೆಟಗೇರಿಗೆ ಬಂದು ಕೇಳಬಾರದಿತ್ತೇನು?"

"ಬಂದಿದ್ದೆ. ಎರಡ ಸಲ. ಓಣಿ ತುದೀಗೆ ನಿಂತ್ರ ಮಗ್ಗದ ಸಪ್ಪಳ ಕೇಳ್ತಿತ್ತು. ನನ್ನ ಬ್ಯಾಡ ಅಂದವ್ರ ಬಾಗಲಾ ಹೆಂಗ ಬಡೀಲಿ... ಹಂಗ ಹೊಳ್ಳಿ ಬಂದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಫೋನ್ ಹಚ್ಚಿದಳು.

"ಅವ್ವಾ, ಲಕ್ಷ್ಮೇಶ್ವರದವ್ರಿಗೆ ಬ್ಯಾಡ ಅಂತ ಹೇಳು."

ಚಂದ್ರವ್ವನ ತೊದಲು ಮಾತಿನಲ್ಲಿ ನಗು ಸ್ಪಷ್ಟವಾಗಿತ್ತು. "ನಾಯಿ ಸಿಕ್ತೇನವ್ವಾ?"

"ಸಿಕ್ತು."

"ನಾಯಿ ಒಂದ...?"

"ಅವ್ವಾ!" ವಿದ್ಯಾ ಫೋನ್ ಇಟ್ಟುಬಿಟ್ಟಳು. ಕಿವಿ ಕೆಂಪಾಗಿತ್ತು.

ಕಳಕೇಶ ಗೇಟಿನ ಚಹಾದಂಗಡಿಯ ಒಲೆಯಿಂದ ಚಿಟಿಕೆ ಬೂದಿ, ಕೂಡಿಸಲು ಒಂದಿಷ್ಟು ದಾರ ತಂದು ಅವಳ ಪಕ್ಕದಲ್ಲಿ ಕುಳಿತ. ಅವಳು ಎಳೆಗೆ ಕೈ ಚಾಚಿದಳು. ಚಾಚಿದ ಕೈಯನ್ನು ಹಾಗೇ ಮಡಿಲಿಗೆ ಇಳಿಸಿದಳು.

"ಕಳಕೇಶ... ನನಗ ಭಾಳ ದಣಿವಾಗೇತಿ."

ಆ ಎರಡು ವರ್ಷಗಳಲ್ಲಿ ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

"ನೀ ಸುಮ್ನ ಒರಗು. ಹೆಂಗ ಹೊಸೀಬೇಕು ಹೇಳು, ನಾ ಮಾಡ್ತೀನಿ."

ಅವಳು ಅವನ ಭುಜಕ್ಕೆ ತಲೆ ಇಟ್ಟಳು. ನೀರಿನಲ್ಲಿ ಹೊರಳಿ ಬಂದ ಲಾಳಿ ಇಬ್ಬರ ಕಾಲ ಮೇಲೂ ಬಿದ್ದುಕೊಂಡಿತು.

"ಒಟ್ಟ ಎಷ್ಟ ಎಳಿ ಅದಾವು?"

"ಅರವತ್ನಾಕು."

"ಎಲ್ಲಾ ಇವತ್ತ ಆಗಬೇಕೇನು?"

"ಊಂಹೂಂ..." ಅವಳ ಕಣ್ಣುಗಳು ಆಗಲೇ ಮುಚ್ಚಿದ್ದವು. "ಇವತ್ತ ಒಂದ ಸಾಕು. ಉಳಿದದ್ದಕ್ಕ ನಾ ಬರ್ತಿರ್ತೀನಿ."