ಅಂಗೈ ಮುಚ್ಚಿದ ಮೈಕು

"ಇವರು ಯಾರು ಮೇಡಂ? ನಿಮಗೇನಾದ್ರೂ ಗೊತ್ತಾ?"

ವೇದಿಕೆಯ ಕೆಳಗಿನಿಂದ ಮೈಕಿನವನು ಕೇಳಿದಾಗ, ಮೇಲೆ ಭಾಷಣ ಮಾಡುತ್ತಿದ್ದ ಅವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು.

ಉಲ್ಟಾ ಶರ್ಟು, ಒಂದೇ ಕಾಲಿಗೆ ಚಪ್ಪಲಿ. ಸಭೆಯೊಳಗೆ ನೆಟ್ಟಗೆ ನಡೆದುಬಂದಿದ್ದ ಆ ವೃದ್ಧರು ಮೈಕಿನವನ ಎರಡೂ ಕೈ ಅಗಲಿಸಿ ನಿಲ್ಲಿಸಿ, ಗೇಣು ಹಾಕಿ ತೋಳಿನ ಅಳತೆ ತೆಗೆಯುತ್ತಿದ್ದರು.

"ಅಲುಗಾಡ್ಬೇಡಪ್ಪಾ, ಅಳತೆ ತಪ್ಪುತ್ತೆ! ಮದುವೆ ಶರ್ಟು ತಾನೇ?"

ಜನ ಗೊಳ್ಳೆಂದು ನಕ್ಕರು.

ಅಯ್ಯೋ... ಅಪ್ಪಾ! ಹೊರಗಿಂದ ಬೀಗ ಹಾಕಿದ್ನಲ್ಲಾ! ಊಟ ಕೊಡೋಕೆ ಬಂದ ಪಕ್ಕದ್ಮನೆ ಆಂಟಿ ಬಾಗಿಲು ತೆಗೆದಿಟ್ಟುಬಿಟ್ರಾ?

ಅವಳು ಆರೋಗ್ಯ ಇಲಾಖೆಯವಳು. ನಾಲ್ಕು ತಿಂಗಳಿಂದ ಇಲಾಖೆಯ ವ್ಯಾನಿನಲ್ಲಿ ಊರೂರು ಸುತ್ತಿ ಆಲ್ಝೈಮರ್ ಬಗ್ಗೆ ತಿಳಿವಳಿಕೆ ಹೇಳುತ್ತಿದ್ದಳು. 'ಅರವತ್ತಕ್ಕೆ ಅರಳು ಮರಳು ಅಂತ ನಗಬೇಡಿ. ಇದು ಮಿದುಳಿನ ಕಾಯಿಲೆ. ಮನೆಯವರನ್ನು ಬಚ್ಚಿಡಬೇಡಿ!' ಇವತ್ತಿನ ಸಭೆ ಅವಳ ಮನೆಯಿಂದ ನಾಲ್ಕೇ ಬೀದಿ ಆಚೆ; ಐದು ನಿಮಿಷದ ಹಿಂದೆಯೂ ಅದನ್ನೇ ಹೇಳಿದ್ದಳು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ!

ಹುಡುಗಿಯನ್ನು ಬೈಯುವ ಮೊದಲು ಇಷ್ಟು ಕೇಳಿ. ಹಿಂದೊಮ್ಮೆ ಅವಳನ್ನು ನೋಡಲು ಬಂದ ವರ, ಟೈಲರ್ ಅಪ್ಪನ ಸ್ಥಿತಿ ಕಂಡು ಕಾಫಿ ಲೋಟ ಅರ್ಧಕ್ಕೇ ಇಟ್ಟು ಹೋಗಿದ್ದ. ಹೋದ ವಾರ ಮೈಕಿನವನು ಕಿವಿ ಕೆಂಪಗೆ ಮಾಡಿಕೊಂಡು, "ನಿಮ್ಮಪ್ಪನ ಹತ್ರ ಮಾತಾಡ್ಲಾ?" ಎಂದು ಕೇಳಿದಾಗ, ಅವಳು ಹೆದರಿ ಸುಳ್ಳು ಹೇಳಿದ್ದಳು.

"ಅಪ್ಪ ಇಲ್ಲಿಲ್ಲ... ದೂರದೂರಲ್ಲಿದ್ದಾರೆ."

ಅವಳು ಮೈಕಿಗೆ ಅಂಗೈ ಅಡ್ಡ ಹಿಡಿದರೆ ಅವನು ಸ್ವಿಚ್ ಆರಿಸಬೇಕು. ಅದು ಇಬ್ಬರ ಒಪ್ಪಂದ. ಈಗಲೂ ಅಭ್ಯಾಸಬಲದಿಂದ ಅಂಗೈ ಹಿಡಿದಳು. ಆದರೆ ಅವನ ಎರಡೂ ಕೈಗಳು ಅಪ್ಪನ ವಶದಲ್ಲಿದ್ದವು!

"ಯಾರೋ ಅರಳು ಮರಳು ಮುದುಕ. ಹೊರಗೆ ಕೂರ್ಸಿ," ಎಂದಳು ಮೆಲ್ಲಗೆ.

ನಾಲ್ಕು ಮೂಲೆಯ ಸ್ಪೀಕರುಗಳೂ ಅದನ್ನು ಊರಿಗೆಲ್ಲ ಕೇಳುವಂತೆ ಹೇಳಿಬಿಟ್ಟವು.

ನಗು ನಿಂತಿತು. ಅಪ್ಪ ಮಾತ್ರ ಸುತ್ತ ನೋಡಿ, "ಯಾರಿಗೋ ಬೈತಿದಾರೆ, ಪಾಪ" ಎಂದರು.

ಮೈಕಿನವನು ಅವರ ಹೆಗಲು ಬಳಸಿ ಹೊರಗೆ ಕರೆದೊಯ್ದ. ಎರಡೇ ನಿಮಿಷ, ಅವಳ ಫೋನು ಹೊಡೆದುಕೊಂಡಿತು. ಅವನದೇ ಕರೆ! ಕಿಟಕಿಯಾಚೆ ನೋಡಿದಳು. ಅಪ್ಪನ ಉಲ್ಟಾ ಕಾಲರಿನ ಮೇಲೆ ಅವಳೇ ಬರೆದಿದ್ದ ನಂಬರನ್ನು ಅವನು ಒತ್ತಿದ್ದ. ತನ್ನ ಫೋನಿನ ಪರದೆಯ ಮೇಲೆ ಮೂಡಿದ ಅವಳ ಹೆಸರು ನೋಡಿ ಹಾಗೇ ನಿಂತುಬಿಟ್ಟಿದ್ದ.

ಭೂಮಿ ಬಾಯಿ ಬಿಡಬಾರದೇ! ಇನ್ನು ಯಾವ ಮುಖ ಇಟ್ಕೊಂಡು ಅವರಿಬ್ಬರನ್ನ ನೋಡ್ಲಿ?

ಅವಳು ಮತ್ತೆ ಮೈಕು ಹಿಡಿದಳು.

"ಕ್ಷಮಿಸಿ... ಈಗ ಬಂದವರು ನನ್ನ ಅಪ್ಪ. ಅವರನ್ನ ಬಚ್ಚಿಟ್ಟಿದ್ದು ನಾನೇ."

ಅಷ್ಟು ಹೇಳಿ ಹೊರಗೋಡಿದಳು. ಬೆಂಚಿನ ಮೇಲೆ ಅಪ್ಪ ನೀರು ಕುಡಿಯುತ್ತಿದ್ದರು. ಮೈಕಿನವನು ಅವಳತ್ತ ತಿರುಗಲಿಲ್ಲ.

"ನಿಮಗೆ ಗೊತ್ತಾದ್ರೆ ಬಿಟ್ಟು ಹೋಗ್ತೀರಿ ಅಂತ..."

"ನಿಮ್ಮ ಭಾಷಣ ಎಪ್ಪತ್ತು ಸಲ ಕೇಳಿದೀನಿ ಮೇಡಂ," ಅವನ ದನಿ ಒಡೆದಿತ್ತು. "ಪ್ರತಿ ಮಾತೂ ನಂಬಿದೀನಿ. ನೀವು ಒಂದು ಸಲಾನೂ ಕೇಳಿಸ್ಕೊಳ್ಳಲಿಲ್ವಾ?"

ಅವಳು ತಲೆ ತಗ್ಗಿಸಿದಳು. ನಾಚಿಕೆಯಿಂದ ಅಳು ಬಂತು.

ಅಪ್ಪ ಲೋಟ ಕೆಳಗಿಟ್ಟರು. "ಯಾಕಪ್ಪಾ ಹುಡುಗೀನ ಅಳಿಸ್ತೀಯ? ಇಲ್ಲಿ ಬಾಮ್ಮಾ. ಯಾರ ಮಗಳು ನೀನು?"

ಅವಳು ಹತ್ತಿರ ಬಂದಳು. ಮಂಡಿಯೂರಿ ಅವರ ಕೈ ಹಿಡಿದಳು.

"ನಿಮ್ಮ ಮಗಳೇ ಅಪ್ಪಾ."

"ಹೌದಾ!" ಅಪ್ಪನ ಮುಖ ಅರಳಿತು. "ಇಷ್ಟು ಒಳ್ಳೆ ಮಗಳಿದಾಳೆ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲಾ!"

ಒಳ್ಳೆ ಮಗಳು! ಆ ಮಾತಿಗಿಂತ ಕೆನ್ನೆಗೆರಡು ಬಿಟ್ಟಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮೈಕಿನವನು ನಿಧಾನವಾಗಿ ಪಕ್ಕದಲ್ಲಿ ಕುಳಿತ. ತನ್ನ ಕರವಸ್ತ್ರ ಅವಳ ಮುಂದೆ ಹಿಡಿದ.

"ಕೋಪ ಇನ್ನೂ ಇದೆ," ಎಂದ.

"ಇರ್ಲಿ... ಇರ್ಬೇಕು."

"ಆದ್ರೂ ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಇವತ್ತೇ ನಿಮ್ಮಪ್ಪನ ಹತ್ರ ಕೇಳ್ತೀನಿ."

ಅವಳು ಕಣ್ಣೊರೆಸಿಕೊಂಡಳು. "ಅವರು ಹೂಂ ಅಂದ್ರೂ ನಾಳೆ ಮರ್ತಿರ್ತಾರೆ."

"ಮರೀಲಿ ಬಿಡಿ. ದಿನಾ ಬಂದು ಕೇಳ್ತೀನಿ."