ಮೂರು ಬಾಗಿಲಿನ ಹಸಿರು ಬಸ್ಸು

"ಅಮ್ಮಾ, ಹಸಿರು ಬಸ್ಸೇ ಇರಲಿ. ಕ್ಲಾಸಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ." ಡಿಪೋ ಅಂಗಳದಲ್ಲಿ ಚೂಟಿ ಅಮ್ಮನ ಕೈ ಜಗ್ಗಿದಳು.

"ಯಾರು ಹೇಳು ಅಂದಿದ್ದು ನಿಂಗೆ? ಇನ್ನೂ ಟ್ರಯಲ್ಲೇ ಆಗಿಲ್ಲ," ಎಂದಳು ಅಮ್ಮ.

ದೂರದ ಊರಿಗೆ ಹೊಸ ಎಕ್ಸ್‌ಪ್ರೆಸ್ ಶುರುವಾಗಲಿತ್ತು. ಅದಕ್ಕೆ ಯಾವ ಬಸ್ಸು ಬಿಡಬೇಕೆಂದು ತೀರ್ಮಾನಿಸುವುದು ಅಮ್ಮನ ಕೆಲಸ. ಅಂಗಳದಲ್ಲಿ ಹೊಚ್ಚಹೊಸ ಹಸಿರು ಬಸ್ಸು ಮಿರಮಿರ ಮಿಂಚುತ್ತಿತ್ತು. ಅದಕ್ಕೆ ಮೂರು ಅಗಲವಾದ ಬಾಗಿಲು, ದೊಡ್ಡ ದೊಡ್ಡ ಕಿಟಕಿ. ಪಕ್ಕದಲ್ಲೇ ಒಂದೇ ಬಾಗಿಲಿನ ಬೂದು ಬಸ್ಸು ನಿಂತಿತ್ತು. ಚೂಟಿ ಅದರತ್ತ ತಿರುಗಿಯೂ ನೋಡಲಿಲ್ಲ.

ಟ್ರಯಲ್‌ಗೆಂದು ಡಿಪೋದವರು, ಅವರ ಮನೆಯವರು ಪ್ರಯಾಣಿಕರಾಗಿ ಹಸಿರು ಬಸ್ಸು ಹತ್ತಿದರು. ಸೀಟುಗಳು ಬೇಗ ತುಂಬಿದವು. ಚೂಟಿಯ ಅಜ್ಜಿಗೆ ಒಂದು ಸಿಕ್ಕಿತು.

"ನಾನು ನಿಂತೇ ಬರ್ತೀನಿ," ಎಂದಳು ಚೂಟಿ ಗತ್ತಿನಿಂದ.

ಊರು ದಾಟುವವರೆಗೆ ಮಜವೋ ಮಜ. ಆಮೇಲೆ ಬಸ್ಸು ಎಲ್ಲೂ ನಿಲ್ಲಲಿಲ್ಲ. ಕಾಲು ಜೋಮು ಹಿಡಿಯಿತು. ಒಂದು ತಿರುವಿನಲ್ಲಿ ಚೂಟಿ ಹಾರಿ, ಪಕ್ಕದಲ್ಲಿ ನಿಂತಿದ್ದ ಡಿಪೋದ ಮೆಕ್ಯಾನಿಕ್ ಮಾವನ ಡೊಳ್ಳು ಹೊಟ್ಟೆಗೆ ಬಡಿದಳು.

"ಈ ಹೊಟ್ಟೆಗೂ ಒಂದು ಸೀಟ್ ನಂಬರ್ ಬರೆಸ್ತೀನಿ ತಾಳು," ಎಂದ ಅವನು.

"ಬಾರೇ, ತೊಡೆ ಮೇಲೆ ಕೂತ್ಕೋ," ಎಂದು ಅಜ್ಜಿ ಕರೆದಳು.

"ನಾನೇನು ಪಾಪುನಾ?"

ಸ್ವಲ್ಪ ಹೊತ್ತಿಗೆ ತೆಪ್ಪಗೆ ಹೋಗಿ ಕೂತಳು. ಅಲ್ಲಿಂದ ನೋಡಿದರೆ, ಮಾವ ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತಾ ಕಂಬ ಹಿಡಿದು ನಿಂತಿದ್ದ. ಮೂರು ಬಾಗಿಲೂ ಮುಚ್ಚಿಯೇ ಇದ್ದವು. ಪ್ರತಿ ಬಾಗಿಲಿನ ಮುಂದೆ ಜಾಗ ಖಾಲಿ ಹೊಡೆಯುತ್ತಿತ್ತು.

ಡಿಪೋಗೆ ಮರಳಿದ ಮೇಲೆ ಅಮ್ಮ ಒಬ್ಬೊಬ್ಬರನ್ನೇ ಕೇಳಿದಳು. ಎಲ್ಲರೂ, "ಚೆನ್ನಾಗಿದೆ ಮೇಡಂ," ಎಂದರು.

"ನಿಂಗೆ ಹೇಗನ್ನಿಸ್ತು ಚೂಟಿ?"

'ಸೂಪರ್' ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಬೇಡ ಅಂದರೆ ಕ್ಲಾಸಿನ ಗೆಳತಿ ಗುಬ್ಬಿ ಸುಮ್ಮನೆ ಬಿಡುವವಳಲ್ಲ. ಆದರೆ ಪಕ್ಕದಲ್ಲಿ ಅಜ್ಜಿ ತೊಡೆ ನೀವಿಕೊಳ್ಳುತ್ತಿದ್ದಳು.

"ಊರೊಳಗಾದ್ರೆ ಚೆನ್ನಾಗಿದೆ ಅಮ್ಮಾ. ಆದ್ರೆ ದಾರೀಲಿ ಯಾರೂ ಹತ್ತಲ್ಲ, ಇಳಿಯಲ್ಲ. ಮೂರು ಬಾಗಿಲು ಯಾಕೆ? ಅಲ್ಲೆಲ್ಲ ಸೀಟ್ ಇದ್ದಿದ್ರೆ ಎಲ್ಲರೂ ಕೂರಬಹುದಿತ್ತು." ಚೂಟಿ ಹಸಿರು ಬಸ್ಸಿನತ್ತ ಮತ್ತೊಮ್ಮೆ ನೋಡಿದಳು. "ಅಷ್ಟು ದೂರಕ್ಕೆ ಇದು ಬೇಡ."

"ನಂಗೂ ಹಾಗೇ ಅನ್ನಿಸ್ತು ಮೇಡಂ," ಎಂದ ಮೆಕ್ಯಾನಿಕ್ ಮಾವ ತಲೆ ಕೆರೆದುಕೊಳ್ಳುತ್ತಾ. "ಹೇಳೋಕೆ ಬಾಯಿ ಬರ್ಲಿಲ್ಲ."

ಮುಂದಿನ ವಾರ ಶಾಲೆಯ ಗೇಟಿನ ಮುಂದೆ 'ಎಕ್ಸ್‌ಪ್ರೆಸ್' ಬೋರ್ಡು ಹೊತ್ತ ಬಸ್ಸು ಬಂತು. ಬೂದು ಬಣ್ಣದ್ದು.

"ಎಲ್ಲೇ ನಿನ್ನ ಹಸಿರು ಬಸ್ಸು? ಬುರುಡೆ ಬಿಟ್ಯಾ?" ಗುಬ್ಬಿ ಕಿಸಕ್ಕೆಂದಳು.

"ಬುರುಡೆ ಅಲ್ಲ. ಬೇಡ ಅಂದಿದ್ದು ನಾನೇ."

"ನೀನಾ? ಯಾಕೆ?"

ಅಷ್ಟರಲ್ಲಿ ಬಸ್ಸು ನಿಧಾನವಾಯಿತು. ಕಿಟಕಿಯ ಪಕ್ಕ ಒಬ್ಬ ಅಜ್ಜ ಸೀಟಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಹಿಂದಿನ ಸೀಟಿನಲ್ಲಿ ಒಬ್ಬ ತಾಯಿ, ಅವಳ ಮಡಿಲಲ್ಲಿ ಮಗು. ನಿಂತವರು ಯಾರೂ ಕಾಣಲಿಲ್ಲ.

ಅಜ್ಜನಿಗೆ ಎಲ್ಲಿ ಎಚ್ಚರವಾದೀತೋ ಎಂಬಂತೆ ಚೂಟಿ ಗುಬ್ಬಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ನೋಡು."